ದುಂಡು ಕೊಡದ ಮೂಲೆ

ಓರಿನ್ ಟ್ವೇಟ್‌ಗೆ ಹೇಸಿಗೆಯಾಗದ ವಸ್ತು ಈ ಭೂಮಿಯ ಮೇಲೆ ಕಡಿಮೆ. ಅಡ್ಡಾದಿಡ್ಡಿ ಬೆಸುಗೆ ಕಂಡರೆ ಹೇಸಿಗೆ, ತಲೆ ಸವೆದ ಬೋಲ್ಟು ಕಂಡರೆ ಹೇಸಿಗೆ, ನೀರಿನಂಥ ಕಾಫಿ ಕಂಡರೆ ಹೇಸಿಗೆ, ಅದನ್ನೇ ಮೂರು ಲೋಟ ಕುಡಿದು 'ಪರವಾಗಿಲ್ಲ' ಎನ್ನುವ ಜನರನ್ನು ಕಂಡರೆ ಇನ್ನೂ ಹೇಸಿಗೆ. ಆದರೆ ಅರವತ್ತೇಳು ವರ್ಷದಲ್ಲಿ ಅವನ ಬಾಯಿಂದ 'ಥೂ' ಎಂಬ ಒಂದಕ್ಷರ ಹೊರಬಿದ್ದದ್ದನ್ನು ಯಾರೂ ಕೇಳಿಲ್ಲ. ಅವನೂ ಮೂರು ಲೋಟ ಕುಡಿದು 'ಪರವಾಗಿಲ್ಲ' ಎನ್ನುವವನೇ.

ಮಿನೆಸೋಟಾದ ಪಶ್ಚಿಮದ ಅಂಚಿನಲ್ಲಿರುವ ನೋರ್ಡಾಲ್‌ನಲ್ಲಿ ಎಲ್ಲರೂ ಹೀಗೇ. ಅಜ್ಜಂದಿರು ನಾರ್ವೆಯಿಂದ ಬರುವಾಗ ಹಡಗಿನಲ್ಲಿ ಪೆಟ್ಟಿಗೆ, ಬೈಬಲ್ಲು, ಒಣಮೀನು ಎಲ್ಲ ತಂದರು, ನಾಲಿಗೆಯನ್ನು ಮಾತ್ರ ಅಲ್ಲೇ ಮರೆತು ಬಂದರು. ತಟ್ಟೆಯಲ್ಲಿ ಕೊನೆಯ ಒಂದು ಸಿಹಿ ತುಂಡು ಉಳಿದರೆ ಇಲ್ಲಿ ಯಾರೂ ಅದನ್ನು ಎತ್ತಿಕೊಳ್ಳುವುದಿಲ್ಲ. ಒಬ್ಬ ಅರ್ಧ ಕತ್ತರಿಸುತ್ತಾನೆ, ಇನ್ನೊಬ್ಬ ಆ ಅರ್ಧದಲ್ಲಿ ಅರ್ಧ, ಕಡೆಗೆ ಇರುವೆಗೂ ಸಾಲದಷ್ಟು ಪುಡಿ ಉಳಿದಾಗ ತಟ್ಟೆ ತೊಳೆಯುತ್ತಾರೆ. 'ಪರವಾಗಿಲ್ಲ' ಎಂದರೆ ಇಲ್ಲಿ ದೊಡ್ಡ ಹೊಗಳಿಕೆ. ಇನ್ನು ಯಾರಾದರೂ ಮಾಡಿದ್ದು ಬರೀ ಕಸ, ಮುಟ್ಟಿದರೆ ಕೈ ತೊಳೆಯಬೇಕು ಅನ್ನಿಸಿದರೆ ತಲೆಯನ್ನು ಸ್ವಲ್ಪ ಓರೆ ಮಾಡಿ 'ಬೇರೆ ಥರ ಇದೆ' ಎನ್ನುತ್ತಾರೆ. ಊರಿನವನಿಗೆ ಅಷ್ಟು ಸಾಕು. ಅವನು ಮನೆಗೆ ಹೋಗಿ ಮುಸುಕು ಹಾಕಿಕೊಂಡು ಮಲಗುತ್ತಾನೆ.

ಇದನ್ನು ಸಭ್ಯತೆ ಎಂದು ಕರೆಯುವವರಿದ್ದಾರೆ. ಕರೆಯಲಿ. ಸತ್ಯವನ್ನು ಹತ್ತಿಯಲ್ಲಿ ಸುತ್ತಿ ಸುತ್ತಿ ಒಳಗಿದ್ದದ್ದು ಸತ್ಯವೋ ಕಲ್ಲೋ ತಿಳಿಯದ ಹಾಗೆ ಮಾಡುವುದಕ್ಕೆ ಸಭ್ಯತೆ ಎನ್ನಬೇಕೆ?

ಓರಿನ್ ಮೂವತ್ತೆಂಟು ವರ್ಷ ಊರಿನ ಹಾಲಿನ ಡೇರಿಯಲ್ಲಿ ಮೆಕ್ಯಾನಿಕ್ ಆಗಿದ್ದ. ಒಮ್ಮೆ ಹೊಸ ಪಂಪು ಬಂತು. ಅದನ್ನು ತಿರುಗಿಸುವ ದಪ್ಪ ಉಕ್ಕಿನ ಕಂಬಿ, ಅಂದರೆ ಶಾಫ್ಟು, ಒಂದು ಕಡೆ ಸಣ್ಣದಾಗುವ ಜಾಗದಲ್ಲಿ ಮೂಲೆಗೆ ದುಂಡು ಕೊಟ್ಟಿರಲಿಲ್ಲ, ಚಾಕುವಿನಿಂದ ಕತ್ತರಿಸಿದ ಹಾಗೆ ಚೂಪಾಗಿ ಬಿಟ್ಟಿದ್ದರು. ಉಕ್ಕು ಬಿರಿಯುವುದು ಅಂಥ ಮೂಲೆಯಲ್ಲೇ. ಲೋಹ ಕಡೆಯುವ ಲೇತ್ ಹಿಡಿದವನಿಗೆ ಮೊದಲ ವಾರ ಕಲಿಸುವ ಪಾಠ ಇದು. ಮ್ಯಾನೇಜರು ಹೆಮ್ಮೆಯಿಂದ ಕೇಳಿದಾಗ ಓರಿನ್ 'ಬೇರೆ ಥರ ಇದೆ' ಎಂದ. ಮ್ಯಾನೇಜರಿಗೆ ಅರ್ಥವಾಯಿತು, ಆದರೆ ಪಂಪು ಬಂದಾಗಿತ್ತು. ಆರನೇ ತಿಂಗಳಿಗೆ ಶಾಫ್ಟು ಅದೇ ಮೂಲೆಯಲ್ಲಿ ತುಂಡಾಗಿ ನಾಲ್ಕು ಸಾವಿರ ಲೀಟರ್ ಹಾಲು ನೆಲದ ಪಾಲಾಯಿತು. ಮೊಣಕಾಲವರೆಗೆ ಬೂಟು ಹಾಕಿಕೊಂಡು ಹಾಲು ಬಳಿಯುತ್ತಾ ಓರಿನ್ ಆ ಕಂಪನಿಯನ್ನೂ, ಮ್ಯಾನೇಜರನ್ನೂ, ತನ್ನನ್ನೂ ಮನಸ್ಸಿನಲ್ಲೇ ವಾಚಾಮಗೋಚರ ಬೈದ. ತುಟಿ ಮಾತ್ರ ಅಲ್ಲಾಡಲಿಲ್ಲ.

ನಿವೃತ್ತಿಗೆ ಮುಂಚಿನಿಂದಲೇ, ಒಟ್ಟು ಹನ್ನೊಂದು ವರ್ಷದಿಂದ, ಅವನು ಎರಡು ಸೀಟಿನ ವಿಮಾನ ಕಟ್ಟುತ್ತಿದ್ದ. ಊರಾಚೆಯ ಹುಲ್ಲಿನ ರನ್‌ವೇ ಪಕ್ಕದಲ್ಲಿ ತಗಡಿನ ಶೆಡ್ಡುಗಳ ಸಾಲಿದೆ. ಅದರಲ್ಲಿ ನಾಲ್ಕರಲ್ಲಿ ನಾಲ್ಕು ಮಂದಿ ನಾಲ್ಕು ವಿಮಾನ ಕಟ್ಟುತ್ತಿದ್ದರು. ಬೇರೆ ಊರಿನಲ್ಲಿ ಮುದುಕರು ಇಸ್ಪೀಟು ಆಡುವ ಹಾಗೆ ಇಲ್ಲಿ ರೆಕ್ಕೆಗೆ ರಿವೆಟ್ ಹೊಡೆಯುತ್ತಾರೆ. ಓರಿನ್‌ನ ರೆಕ್ಕೆ, ಬಾಲ, ಸೀಟು, ತಂತಿ ಎಲ್ಲ ಮುಗಿದಿತ್ತು. ಉಳಿದದ್ದು ಇಂಜಿನ್.

ವಿಮಾನಕ್ಕೆಂದೇ ಮಾಡಿದ ಇಂಜಿನ್‌ಗಳನ್ನು ನೋಡಿ ಬಂದ. ಹೇಸಿಗೆಯಾಯಿತು. ಅಜ್ಜನ ಕಾಲದ ನಕ್ಷೆ. ಪಿಸ್ಟನ್ನುಗಳು ಒನಕೆ ಕುಟ್ಟಿದ ಹಾಗೆ ಕುಟ್ಟುತ್ತಲೇ ಇರುತ್ತವೆ. ಆಮೇಲೆ ಗುಜರಿಯಲ್ಲಿ ಮುಖ ಜಜ್ಜಿಹೋದ ಒಂದು ಜಪಾನಿ ಕಾರಿನ ರೋಟರಿ ಇಂಜಿನ್ ಸಿಕ್ಕಿತು. ತಂದು ಚಳಿಗಾಲವಿಡೀ ಬಿಚ್ಚಿ ಕೂತ. ಒಳಗಿರುವುದು ಹೊಟ್ಟೆ ಉಬ್ಬಿದ ಸಮೋಸದಂಥ ಎರಡು ಮುಮ್ಮೂಲೆ ಉಂಡೆಗಳು, ಅವು ಗೂಡಿನೊಳಗೆ ಸುತ್ತುತ್ತವೆ, ಅವುಗಳ ನಡುವೆ ಹಾದುಹೋದ ಒಂದು ಶಾಫ್ಟು. ಕುಟ್ಟುವುದಿಲ್ಲ, ವಾಲ್ವು ಇಲ್ಲ, ಮುರಿಯಲಿಕ್ಕೆ ಹೆಚ್ಚೇನೂ ಇಲ್ಲ. ಇಂಧನ ಸ್ವಲ್ಪ ಹೆಚ್ಚು ಕುಡಿಯುತ್ತದೆ, ಕಾವು ಹೆಚ್ಚು, ಸದ್ದು ಕಿವಿ ಕೊರೆಯುತ್ತದೆ. ಅದೆಲ್ಲ ಅವನಿಗೆ ಗೊತ್ತಿತ್ತು. ಆದರೂ ಬದುಕಿನಲ್ಲಿ ಮೊದಲ ಸಲ ಒಂದು ಯಂತ್ರವನ್ನು ಪೂರ್ತಿ ಬಿಚ್ಚಿ ನೋಡಿ ಅವನಿಗೆ ಹೇಸಿಗೆಯಾಗಲಿಲ್ಲ.

"ಹೆಂಗಿದೆ?" ಎಂದು ಹೆಂಡತಿ ಮಾರ್ಲಿಸ್ ಕೇಳಿದಳು.

"ಪರವಾಗಿಲ್ಲ" ಎಂದ. ಮಾರ್ಲಿಸ್ ಗಾಬರಿಯಾಗಿ ಅವನ ಹಣೆ ಮುಟ್ಟಿ ನೋಡಿದಳು. ಮದುವೆಯ ದಿನ ಅವಳ ಬಗ್ಗೆಯೂ ಅವನು ಅಷ್ಟು ಹೇಳಿರಲಿಲ್ಲ.

ಕಷ್ಟ ಬಂದದ್ದು ಇಂಜಿನ್ನಿಗೂ ಪ್ರೊಪೆಲ್ಲರಿಗೂ ನಡುವೆ. ರೋಟರಿ ಇಂಜಿನ್‌ಗೆ ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗಿದರೇ ಹಿತ. ಪ್ರೊಪೆಲ್ಲರನ್ನು ಅಷ್ಟು ವೇಗದಲ್ಲಿ ತಿರುಗಿಸಿದರೆ ಅದು ಚೀರಾಡುತ್ತದೆಯೇ ಹೊರತು ಗಾಳಿಯನ್ನು ಎಳೆಯುವುದಿಲ್ಲ. ಅದಕ್ಕೆ ಎರಡು ಸಾವಿರ ಚಿಲ್ಲರೆ ಸಾಕು. ಹಾಗಾಗಿ ನಡುವೆ ವೇಗ ಇಳಿಸುವ ಒಂದು ಪೆಟ್ಟಿಗೆ ಬೇಕು. ಓರಿನ್ ಎರಡು ನೋಟ್‌ಬುಕ್ಕು ತುಂಬ ಬರೆದ. ಬೆಲ್ಟು ಹಾಕಿದರೆ ಹಗುರ, ಆದರೆ ಬಿಗಿದ ಬೆಲ್ಟು ಶಾಫ್ಟನ್ನು ಸದಾ ಒಂದೇ ಕಡೆಗೆ ಜಗ್ಗುತ್ತದೆ. ಎರಡು ಗೇರು ಅಕ್ಕಪಕ್ಕ ಕೂರಿಸಿದರೆ ಸರಳ, ಆದರೆ ಪ್ರೊಪೆಲ್ಲರ್ ಉಲ್ಟಾ ತಿರುಗುತ್ತದೆ. ಮೂರನೆಯದರಲ್ಲಿ ನಡುವೆ ಒಂದು ಗೇರು, ಅದರ ಸುತ್ತ ಆರು ಮರಿ ಗೇರು. ಭಾರ ಆರು ಪಾಲಾಗುತ್ತದೆ, ಎಲ್ಲ ಒಂದೇ ಸಾಲಿನಲ್ಲಿ ತಿರುಗುತ್ತದೆ. ಯಾವುದೇ ಆಗಲಿ, ಇಂಜಿನ್‌ಗೂ ಗೇರಿಗೂ ನಡುವೆ ರಬ್ಬರಿನ ಒಂದು ತಟ್ಟೆ ಇರಲೇಬೇಕು. ಇಂಜಿನ್‌ನ ಒದೆತವನ್ನು ಅದು ನುಂಗದಿದ್ದರೆ ಶಾಫ್ಟು ನುಂಗಬೇಕಾಗುತ್ತದೆ.

ಇಷ್ಟರಲ್ಲಿ ಗೇಲನ್ ಸ್ಕೂಗ್ ತಾನೇ ಒಂದು ಪೆಟ್ಟಿಗೆ ಮಾಡಿದ.

ಗೇಲನ್ ಎಂಥ ಮನುಷ್ಯ ಎಂದು ಹೇಳಿಬಿಡಬೇಕು, ಯಾಕೆಂದರೆ ಎಲ್ಲ ಕೆಡುಕಿಗೂ ಅವನ ಒಳ್ಳೆಯತನವೇ ಮೂಲ. ಹಿಮ ಬಿದ್ದ ದಿನ ಊರಿನವರು ಏಳುವ ಮುಂಚೆ ಅವನ ಟ್ರ್ಯಾಕ್ಟರು ಮನೆಮನೆಯ ದಾರಿಯನ್ನು ಬಳಿದು ಹೋಗಿರುತ್ತದೆ. ಒಂದು ಕಾಸು ಮುಟ್ಟುವವನಲ್ಲ. ಮಾರ್ಲಿಸ್‌ಗೆ ಮಂಡಿ ಆಪರೇಷನ್ ಆದಾಗ ತಿಂಗಳುಗಟ್ಟಲೆ ಅವಳನ್ನು ಆಸ್ಪತ್ರೆಗೆ ಕರೆದೊಯ್ದವನು ಅವನೇ. ಊರಿಡೀ ಅವನ ಹಂಗಿನಲ್ಲಿತ್ತು. ಹಂಗಿಗೆ ಬಿದ್ದವನ ನಾಲಿಗೆಗೆ ಎಲುಬಷ್ಟೇ ಅಲ್ಲ, ಮಾಂಸವೂ ಇರುವುದಿಲ್ಲ.

ಮಾರ್ಚ್ ತಿಂಗಳ ಒಂದು ಶನಿವಾರ, ರನ್‌ವೇ ಪಕ್ಕದ ಕಾಫಿ ಕೋಣೆಯಲ್ಲಿ, ಗೇಲನ್ ಮೇಜಿನ ಮೇಲೆ ಹಳೇ ಟವೆಲ್ ಹಾಸಿ ಅದರ ಮೇಲೆ ತನ್ನ ಪೆಟ್ಟಿಗೆಯನ್ನು ಮಗುವಿನ ಹಾಗೆ ಮಲಗಿಸಿದ. ಮುಚ್ಚಳ ತೆಗೆದ. "ರಬ್ಬರ್ ಗಿಬ್ಬರ್ ಏನೂ ಇಲ್ಲ. ನೇರ ಜೋಡಣೆ. ಸಾಮಾನು ಕಮ್ಮಿ ಇದ್ರೆ ಕೆಡೋದೂ ಕಮ್ಮಿ, ಅಲ್ವಾ? ಓರಿನ್, ನೀನು ನೋಡಪ್ಪ. ನೀನು ಹೂಂ ಅಂದ್ರೆ ಮೊದಲ್ನೇದು ನಿಂಗೇ."

ಓರಿನ್ ಬೆರಳು ಹಾಕಿದ. ಶಾಫ್ಟಿನ ಮೇಲೆ ಬೆರಳು ಜಾರಿ ಜಾರಿ ಒಂದು ಕಡೆ ತಟ್ಟನೆ ನಿಂತಿತು. ಅದೇ ಮೂಲೆ. ಚೂಪಾಗಿತ್ತು, ಉಗುರಿಗೆ ಸಿಕ್ಕಿತು. ಮೂಗಿಗೆ ಹಳಸಿದ ಹಾಲಿನ ವಾಸನೆ ಬಡಿದಂತಾಯಿತು. ಇವನಿಗೆ ಲೇತ್ ಕೊಟ್ಟವರಾರು, ಇವನ ಕೈ ಕಟ್ಟಬೇಕು, ಇದನ್ನು ಕೆರೆಗೆ ಎಸೆಯಬೇಕು, ಅಲ್ಲಿ ಮೀನಿಗೂ ಇದರಿಂದ ಅಪಾಯ ಎಂದೆಲ್ಲ ಅನ್ನಿಸಿತು. ಎದುರಿಗೆ ಗೇಲನ್ ಬಾಯಿ ಅರ್ಧ ತೆರೆದುಕೊಂಡು ಕಾಯುತ್ತಿದ್ದ.

ಓರಿನ್ ತಲೆ ಓರೆ ಮಾಡಿದ. "ಹ್ಮ್. ಬೇರೆ ಥರ ಇದೆ" ಎಂದ.

ಕೋಣೆಯಲ್ಲಿದ್ದವರೆಲ್ಲ ಕಾಫಿ ಲೋಟದೊಳಗೆ ನೋಡಿದರು. ಗೇಲನ್ ಮುಚ್ಚಳ ಹಾಕಿ, ನಾಲ್ಕು ಬೋಲ್ಟನ್ನೂ ನಿಧಾನವಾಗಿ ಬಿಗಿದ. ಬಾಗಿಲ ಬಳಿ ನಿಂತಿದ್ದ ಓಡೀಲ್ ಗಿಡ್ರಿಗೆ ಮಾತ್ರ ಏನೂ ಅರ್ಥವಾಗಲಿಲ್ಲ.

ಓಡೀಲ್ ಊರಿನ ದನದ ಡಾಕ್ಟರು. ದೂರದ ದಕ್ಷಿಣದ ಲೂಯಿಸಿಯಾನಾದವಳು, ಮೂವತ್ತೆಂಟು ವಯಸ್ಸು, ಬಂದು ಮೂರು ವರ್ಷವಾಗಿತ್ತು. ಅವಳ ಕಡೆಯವರು ಅಡುಗೆ ಕೆಟ್ಟಿದ್ದರೆ ಚಮಚ ಎಸೆದು ಹೇಳುತ್ತಾರೆ, ಚೆನ್ನಾಗಿದ್ದರೆ ಅಪ್ಪಿಕೊಂಡು ಹೇಳುತ್ತಾರೆ. ಹಿರಿಯರನ್ನು 'ಮಿಸ್ಟರ್ ಓರಿನ್', 'ಮಿಸ್ ಮಾರ್ಲಿಸ್' ಎಂದು ಹೆಸರಿಗೇ ಮರ್ಯಾದೆ ಸೇರಿಸಿ ಕರೆಯುತ್ತಾರೆ. ಅವಳೂ ಸಾಲಿನ ಕೊನೆಯ ಶೆಡ್ಡಿನಲ್ಲಿ ಅಂಥದೇ ವಿಮಾನ ಕಟ್ಟುತ್ತಿದ್ದಳು. ಅದೂ ರೋಟರಿ ಇಂಜಿನ್ನೇ, ಓರಿನ್ ಆರಿಸಿದ್ದನ್ನು ನೋಡಿಯೇ ಅವಳೂ ಅದನ್ನು ಆರಿಸಿದ್ದಳು. ಹಸುವಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ಕರು ತಿರುಗಿಸುವವಳು. ಗೇರಿನ ವಿಷಯದಲ್ಲಿ ಮಾತ್ರ ಓರಿನ್ ಹೇಳಿದ್ದೇ ವೇದ.

ಓರಿನ್ ಮನೆಗೆ ಬಂದು ಆ ವಾರವೇ ದೂರದ ಒಬ್ಬ ತಯಾರಕನಿಗೆ ಬರೆದು, ಆರು ಮರಿ ಗೇರಿನ ಪೆಟ್ಟಿಗೆಯನ್ನು ರಬ್ಬರ್ ತಟ್ಟೆ ಸಮೇತ ತರಿಸಿಕೊಂಡ. ಬಂದ ಮೇಲೆ ಗೇಲನ್ ಕಣ್ಣಿಗೆ ಬೀಳಬಾರದೆಂದು ಶೆಡ್ಡಿನ ಮೂಲೆಯಲ್ಲಿಟ್ಟು ಟಾರ್ಪಾಲು ಹೊದಿಸಿದ.

"ಕದ್ದ ಮಾಲು ಇಟ್ಟಂಗೆ ಇಟ್ಟಿದೀಯಲ್ಲೋ" ಎಂದಳು ಮಾರ್ಲಿಸ್. "ಗೇಲನ್‌ಗೆ ಹೇಳ್ಬಿಡು ಒಂದ್ಮಾತು."

"ಹೇಳಿದೀನಲ್ಲ."

"ಹಂಗಲ್ಲ, ಬಾಯ್ಬಿಟ್ಟು."

"ನೀನೇ ಹೇಳು ಮತ್ತೆ. ನಿನ್ನ ಮಂಡಿ ತಾನೇ ಅವನು ಹೊತ್ಕೊಂಡು ತಿರುಗಿದ್ದು."

ಮಾರ್ಲಿಸ್ ಹೇಳಲಿಲ್ಲ. ಹೇಳುವ ಜಾಯಮಾನವಿದ್ದಿದ್ದರೆ ಅವಳು ಈ ಊರಿನಲ್ಲಿ ಹುಟ್ಟುತ್ತಿದ್ದಳೇ?

ಜೂನ್ ಬಂತು. ಒಂದು ಶನಿವಾರ ಬೆಳಿಗ್ಗೆ ಓಡೀಲ್ ಓರಿನ್‌ನ ಶೆಡ್ಡಿಗೆ ಬಂದಳು. ಕೂದಲು ಬಿಗಿದು ಕಟ್ಟಿ, ತೊಳೆದ ಮೇಲಂಗಿ ಹಾಕಿಕೊಂಡು ಹಬ್ಬಕ್ಕೆ ಹೊರಟವಳ ಹಾಗಿದ್ದಳು.

"ಮಿಸ್ಟರ್ ಓರಿನ್, ತಂತಿ ತಿರುಚೋ ಇಕ್ಕಳ ಕೊಡಿ, ನಂದರ ಹಲ್ಲು ಹೋಗಿದೆ. ಕಾಫಿ ಆದ್ಮೇಲೆ ಹಾರ್ತೀನಿ ಇವತ್ತು! ಕಾಗದ ಪತ್ರ ಎಲ್ಲಾ ಆಯ್ತು. ವಾರದಿಂದ ದಿನಾ ಒಂದೊಂದು ಗಂಟೆ ನೆಲದ ಮೇಲೇ ಓಡಿಸ್ತಿದೀನಿ. ಹಸು ಮೆಲುಕು ಹಾಕ್ದಂಗೆ ಓಡುತ್ತೆ."

ಓರಿನ್‌ಗೆ ಸಂತೋಷವಾಯಿತು. "ಬೆಲ್ಟು ಬಿಗಿ ನೋಡ್ಕೊಂಡ್ಯಾ?" ಎಂದ. ಇಂಜಿನ್ನಿಗೂ ಪ್ರೊಪೆಲ್ಲರಿಗೂ ನಡುವೆ ಅವಳು ಬೆಲ್ಟು ಹಾಕುತ್ತಾಳೆಂದೇ ಅವನು ತಿಳಿದಿದ್ದ.

"ಯಾವ ಬೆಲ್ಟು? ಬೆಲ್ಟು ಬಿಟ್ಟೆ ನಾನು. ಗೇಲನ್ ಅವರ ಪೆಟ್ಟಿಗೆನೇ ಹಾಕಿದೀನಿ. ನೀವೇ ಅಂದ್ರಲ್ಲ, ಬೇರೆ ಥರ ಇದೆ ಅಂತ. ನಿಮ್ಮಂಥೋರು ಹಂಗೆ ಹೇಳಿದ್ಮೇಲೆ ಇನ್ನೇನು ಕಣ್ಮುಚ್ಕೊಂಡು ತಗೊಂಡೆ."

ಓರಿನ್ ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು. ಅವಳೇ ಬಗ್ಗಿ ಎತ್ತಿಕೊಂಡಳು.

ಆಗ ಬಾಯಿ ತೆರೆಯಬೇಕಿತ್ತು. ತೆರೆದ ಕೂಡ. "ಗಾಳಿ... ಸ್ವಲ್ಪ ಇದ್ದಂಗಿದೆ, ಅಲ್ವಾ?" ಎಂದ.

"ಗಾಳಿನಾ? ಗಾಳಿ ತೋರ್ಸೋ ಬಟ್ಟೆ ಚೀಲ ಕಂಬದ ಮೇಲೆ ಸತ್ತು ನೇತಾಡ್ತಿದೆ ನೋಡಿ."

"ಅಲ್ಲ, ಅವಸರ ಏನಿದೆ. ಮುಂದಿನ ವಾರ ಹಾರಿದ್ರೂ ಯಾರೂ ಏನೂ ಅನ್ಕೊಳಲ್ಲ."

"ಮೂರು ವರ್ಷ ಕಾದಿದೀನಿ, ಮಿಸ್ಟರ್ ಓರಿನ್!"

"ಒಂದ್ಸಲ ಬಿಚ್ಚಿ ನೋಡಿದ್ರೆ... ಅದೂ ಒಂದು ದಾರಿ ಆಗ್ಬಹುದೇನೋ."

"ಐವತ್ತು ಗಂಟೆ ಆದ್ಮೇಲೆ ಬಿಚ್ಚು ಅಂದಿದಾರೆ ಗೇಲನ್. ಬಿಚ್ತೀನಿ." ಅವಳು ನಕ್ಕು, ಅವನ ಕೆನ್ನೆಗೆ ಮುತ್ತಿಟ್ಟು ಹೋದಳು.

ಊರಿನವನಾಗಿದ್ದರೆ ಆ ಮೂರು ಮಾತಿಗೆ ವಿಮಾನವನ್ನೇ ಮಾರಿಬಿಡುತ್ತಿದ್ದ. ಓರಿನ್ ಟಾರ್ಪಾಲಿಗೆ ಬೆನ್ನು ಕೊಟ್ಟು ನಿಂತಿದ್ದ. ಮಾತಾಡುವಷ್ಟು ಹೊತ್ತೂ, ಅವಳಿಗೆ ಕಾಣದ ಹಾಗೆ, ಅದಕ್ಕೆ ಅಡ್ಡ ನಿಂತೇ ಮಾತಾಡಿದ್ದ. ಅದು ಅವನಿಗೇ ಈಗ ಗೊತ್ತಾಯಿತು. ತನ್ನ ಮೇಲೆ ಇಷ್ಟು ಹೇಸಿಗೆ ಅವನಿಗೆ ಹಾಲು ಬಳಿದ ದಿನವೂ ಆಗಿರಲಿಲ್ಲ.

ಕಾಫಿ ಕೋಣೆಯಲ್ಲಿ ಎಂಟು ಜನ ಇದ್ದರು, ಓಡೀಲ್ ಬೇರೆ. ಮೇಜಿನ ಮೇಲೆ ಲಿಂಬೆ ಹಾಕಿದ ಸಿಹಿ ತುಂಡು, ಆಲೂಗಡ್ಡೆಯ ತೆಳು ರೊಟ್ಟಿ, ಬೆಣ್ಣೆ, ಸಕ್ಕರೆ. ಗೇಲನ್ ಹೊಸ ಟೋಪಿ ಹಾಕಿಕೊಂಡು ಬಂದಿದ್ದ. ಬೀಜದ ಅಂಗಡಿಯ ಲೆಸ್ಟರ್ ಬಾಕೆ, "ಸರಿ ಹಂಗಾದ್ರೆ, ಜೋಪಾನ" ಎನ್ನುತ್ತಿದ್ದ. ಈ ಊರಿನಲ್ಲಿ ಅದಕ್ಕಿಂತ ದೊಡ್ಡ ಹಾರೈಕೆ ಇಲ್ಲ. ಓರಿನ್ ಬಾಗಿಲಲ್ಲಿ ನಿಂತ. ಟೋಪಿ ತೆಗೆದ.

"ಆ ಪೆಟ್ಟಿಗೆ ಕಸ" ಎಂದ.

ಮಾರ್ಲಿಸ್ ಕೈಯಲ್ಲಿದ್ದ ಕಾಫಿ ಜಗ್ಗು ಹಾಗೇ ನಿಂತಿತು.

"ಗೇಲನ್, ನೀನು ದೇವರಂಥವನು, ನಿನ್ನ ಪೆಟ್ಟಿಗೆ ಕಸ. ಶಾಫ್ಟಿನ ಮೂಲೆಗೆ ದುಂಡಿಲ್ಲ. ರಬ್ಬರಿಲ್ಲ. ಅದು ಮುರಿಯುತ್ತೆ. ನೋಡಿದ್ರೆ ಹೇಸಿಗೆ ಬರುತ್ತೆ ನಂಗೆ. ಓಡೀಲ್, ಹಾರಬೇಡ. ಥೂ!" ಕೊನೆಯ ಅಕ್ಷರ ಅವನ ಲೆಕ್ಕದಲ್ಲಿರಲಿಲ್ಲ, ಅದಾಗಿಯೇ ಬಂತು.

ಗೇಲನ್ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು. "ಬಿಚ್ಚಿ ನೋಡಣ ಹಂಗಾದ್ರೆ" ಎಂದ ಮೆಲ್ಲಗೆ.

ಬಿಚ್ಚಿದರು. ಎರಡು ಗಂಟೆ ಹಿಡಿಯಿತು. ಶಾಫ್ಟನ್ನು ಒರೆಸಿ, ಬಿರುಕು ಹುಡುಕುವ ಕೆಂಪು ಬಣ್ಣ ಸವರಿ, ಮತ್ತೆ ಒರೆಸಿ, ಮೇಲೆ ಬಿಳಿ ಪುಡಿ ಹಾಕಿ ಕಾದರು. ಬಿರುಕಿಲ್ಲದಿದ್ದರೆ ಪುಡಿ ಬೆಳ್ಳಗೇ ಉಳಿಯುತ್ತದೆ. ಎಲ್ಲರೂ ಮೇಜಿನ ಸುತ್ತ ನಿಂತಿದ್ದರು. ಮೂಲೆಯಲ್ಲಿ ಮೊದಲು ಒಂದು ಕೆಂಪು ಚುಕ್ಕೆ ಬಂತು. ಚುಕ್ಕೆ ಎಳೆಯಾಯಿತು. ಎಳೆ ಶಾಫ್ಟಿನ ಅರ್ಧ ಸುತ್ತು ಹೋಗಿ ನಿಂತಿತು. ಏಳು ಗಂಟೆ ನೆಲದ ಮೇಲೆ ಓಡಿದ್ದಕ್ಕೇ ಅಷ್ಟು.

ಓಡೀಲ್ ಒಂದು ಕುರ್ಚಿ ಎಳೆದುಕೊಂಡು ಕೂತಳು.

ಲೆಸ್ಟರ್ ಬಾಕೆ ಗಂಟಲು ಸರಿಮಾಡಿಕೊಂಡ. "ನಂಗೆ ಮಾರ್ಚಲ್ಲೇ ಹಂಗನ್ಸಿತ್ತು" ಎಂದ.

"ಏನಂದ್ರಿ?" ಎಂದಳು ಓಡೀಲ್.

"ಅಲ್ಲ, ಓರಿನ್ ಬೇರೆ ಥರ ಇದೆ ಅಂದ್ನಲ್ಲ. ಅವತ್ತೇ. ಹಂಗಂದ್ರೆ ಚೆನ್ನಾಗಿಲ್ಲ ಅಂತ ತಾನೇ." ಅವನು ಸುತ್ತ ನೋಡಿದ. "ಎಲ್ರಿಗೂ ಗೊತ್ತಿತ್ತು. ನಿಂಗೆ ಯಾರಾದ್ರೂ ಹೇಳಿರ್ತಾರೆ ಅನ್ಕೊಂಡೆ."

ಓಡೀಲ್ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅವಳು ಪೆಟ್ಟಿಗೆ ಕೊಂಡಿದ್ದು ಗೊತ್ತಿದ್ದವರು, ಅದು ಹಾಳೆಂದು ಗೊತ್ತಿದ್ದವರು, ಬೆಳಿಗ್ಗೆ ಜೋಪಾನ ಎಂದವರು. ಒಬ್ಬೊಬ್ಬರೂ ಇನ್ನೊಬ್ಬ ಹೇಳಿರುತ್ತಾನೆ ಎಂದುಕೊಂಡಿದ್ದರು. ಕಡೆಗೆ ಗೇಲನ್ ಕಡೆ ತಿರುಗಿದಳು.

"ನಿಮಗೂ ಅರ್ಥ ಆಗಿತ್ತಾ ಅವತ್ತು?"

ಗೇಲನ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದ. "ಆಗಿತ್ತು" ಎಂದ. "ಅವನಿಗೆ ಹೊಟ್ಟೆಕಿಚ್ಚು ಅನ್ಕೊಂಡೆ. ಆಮೇಲೆ ನೀನು ಬಂದು ಕೇಳಿದ್ಯಲ್ಲ, ಅಷ್ಟು ಆಸೆಯಿಂದ. ಬೇಡ ಅನ್ನಕ್ಕೆ ಬಾಯಿ ಬರ್ಲಿಲ್ಲ."

ಓಡೀಲ್ ಆ ಕೆಂಪು ಎಳೆಯ ಮೇಲೆ ಬೆರಳಾಡಿಸಿದಳು. ಮೂರು ವರ್ಷದಲ್ಲಿ ಅವಳು ಈ ಊರಿನ ನಾಲ್ಕೈದು ಮಣ್ಣಿಗೆ ಹೋಗಿ ಬಂದಿದ್ದಳು. ಮಣ್ಣಾದ ಮೇಲೆ ಚರ್ಚಿನ ನೆಲಮನೆಯಲ್ಲಿ ಊಟ, ಮನೆಮನೆಯಿಂದ ಅಡುಗೆಯ ಬಿಸಿಬಿಸಿ ಪಾತ್ರೆ, ಮುಚ್ಚಳದ ಮೇಲೆ ಟೇಪಿನಲ್ಲಿ ಬರೆದ ಹೆಸರು, ಪಾತ್ರೆ ವಾಪಸು ಹೋಗಬೇಕಲ್ಲ.

"ನನ್ನ ಮಣ್ಣಿಗೆ ಬರ್ತಿದ್ರಿ ಅಲ್ವಾ ಎಲ್ರೂ?" ಎಂದಳು. ಅವಳ ದನಿ ಏರಿರಲಿಲ್ಲ. "ಯಾರ್ಯಾರು ಏನೇನು ಅಡುಗೆ ತರ್ತಿದ್ರಿ?"

ಉಳಿದೆಲ್ಲದಕ್ಕೂ ಸುತ್ತು ಬಳಸುವ ಈ ಜನ ಊಟದ ಪ್ರಶ್ನೆಗೆ ಮಾತ್ರ ನೇರ ಉತ್ತರ ಕೊಡುತ್ತಾರೆ. ಹುಟ್ಟಿದಾಗಿನಿಂದ ಅಭ್ಯಾಸವಾಗಿರುವ ಬಾಯಿ, ಯೋಚನೆಗಿಂತ ಮೊದಲೇ ತೆರೆದುಕೊಳ್ಳುತ್ತದೆ.

"ನಾನು ಆಲೂಗಡ್ಡೆ, ಹಂದಿಮಾಂಸ ಹಾಕಿ ಬೇಯ್ಸಿದ್ದು ತರ್ತಿದ್ದೆ" ಎಂದಳು ಮಾರ್ಲಿಸ್. "ದೊಡ್ಡ ಪಾತ್ರೆನೇ."

ಹೇಳಿ ಮುಗಿದ ಮೇಲೆ ತಾನು ಹೇಳಿದ್ದು ಅವಳ ಕಿವಿಗೇ ಬಿತ್ತು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಓರಿನ್ ಅವಳ ಕಡೆ ನೋಡಲಿಲ್ಲ. ಚರ್ಚಿನ ನೆಲಮನೆಯ ಮೆಟ್ಟಿಲು, ಕೈಗೆ ಬಟ್ಟೆ ಸುತ್ತಿಕೊಂಡು ಆ ಬಿಸಿ ಪಾತ್ರೆಯನ್ನು ಇಳಿಸುತ್ತಿರುವ ತಾನು, ಎರಡೂ ಅವನ ಕಣ್ಣೆದುರು ನಿಂತಿದ್ದವು. ಊಟ ಬಡಿಸುವಾಗ ಯಾರಾದರೂ ಅವಳ ವಿಮಾನದ ಬಗ್ಗೆ ಕೇಳಿದ್ದರೆ, ಇಂಜಿನ್ನೇನೋ ಪರವಾಗಿರಲಿಲ್ಲ ಎನ್ನುತ್ತಿದ್ದನೇನೋ.